ಚುಕ್ಕಿಯ ಆಚೆಗಿನ ಮೂರಕ್ಷರ

ಮೊನ್ನೆ ನನ್ನ ತಮ್ಮನ ಮಗಳು ರಶ್ಮಿ ಮನೆಗೆ ಬಂದಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳು. ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಬರೀತಾ ಇದ್ದಳು. ಒಂದು ಫೈಲು ತೆರೆದರೆ ಮೇಲೆ ಒಂದು ಥರದ ಮೆನು, ಇನ್ನೊಂದು ಜಾತಿಯ ಫೈಲು ತೆರೆದರೆ ಬೇರೆ ಮೆನು. "ಇದನ್ನ ನಾನೂ ಮಾಡಿದ್ದೆ ಕಣೇ, ಎಂಬತ್ತರ ದಶಕದಲ್ಲಿ" ಅಂದೆ. ಅವಳು ತಲೆ ಎತ್ತದೆ, "ಅದೇನ್ ಮಹಾ ಅತ್ತೆ, ಒಂದು ಸೆಟ್ಟಿಂಗ್ ಅಷ್ಟೇ ಅಲ್ವಾ?" ಅಂದಳು.

ಅಷ್ಟೇ ಅಂತೆ! ಆ ಸೆಟ್ಟಿಂಗಿಗಾಗಿ ಒಬ್ಬ ಮನುಷ್ಯನ ಕೆಲಸ ಹೋಗೋದರಲ್ಲಿತ್ತು. ನನಗೆ ಮೆಮೋ ಬಂದಿತ್ತು. ರಶ್ಮಿಯ ಮೇಲೆ ಸಿಟ್ಟಿಲ್ಲ, ಪಾಪ, ಅವಳಿಗೇನು ಗೊತ್ತು. ಹೇಳಿದವರಾದರೂ ಯಾರು? ನನ್ನ ಬೀಳ್ಕೊಡುಗೆ ಸಭೆಯಲ್ಲೂ ಶಾಲು ಹೊದಿಸಿ "ನಮ್ಮ ಹಿರಿಯ ಟೈಪಿಸ್ಟ್ ವಿಮಲಾ ಮೇಡಂ" ಅಂದು ಕೂರಿಸಿದರು. ನಾನು ಟೈಪಿಸ್ಟ್ ಆಗಿ ಸೇರಿದ್ದು ನಿಜ. ಆದರೆ ಮಾಡಿದ ಕೆಲಸಕ್ಕೆ ಇವತ್ತಿಗೂ ಯಾರೂ ಹೆಸರಿಟ್ಟಿಲ್ಲ. ಅದನ್ನೇ ಬರೀತೀನಿ, ಈ ಕೆಲಸಕ್ಕೆ ಹೊಸದಾಗಿ ಬರೋರು ಓದಲಿ.

ನಮ್ಮ ಕಾರ್ಖಾನೆ ಇದ್ದದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಕಬ್ಬಿಣದ ಉಂಗುರ, ಬುಷ್ಷು, ಶಾಫ್ಟು, ದೊಡ್ಡ ಕಂಪನಿಗಳಿಗೆ ಬೇಕಾದ ಇಂಥ ಬಿಡಿಭಾಗಗಳನ್ನು ಮಾಡಿಕೊಡುವ ಜಾಗ. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ಹೊರಟು ಮಾಗಡಿ ರೋಡು ದಾಟಿ, ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲು. ಮೇಲಿನ ಮಹಡಿಯಲ್ಲಿ ಆಫೀಸು, ಕೆಳಗೆ ಶಾಪು. ಆಫೀಸಿನವರು ಶಾಪಿಗೆ ಇಳಿಯುತ್ತಿರಲಿಲ್ಲ, ಸೀರೆಗೆ ಎಣ್ಣೆ ಹತ್ತುತ್ತೆ ಅಂತ. ನಾನು ಮಾತ್ರ ಇಳೀತಿದ್ದೆ. ಕಾರಣ, ಕೆಳಗೆ ಹೊಸದಾಗಿ ಬಂದ ಮಷಿನ್ನು.

ಅದು ಕಬ್ಬಿಣವನ್ನು ತಿರುಗಿಸಿ ಕೊರೆಯುವ ಲೇತು, ಆದರೆ ಕೈಯಿಂದ ಚಕ್ರ ತಿರುಗಿಸೋದು ಇರಲಿಲ್ಲ. ಕೊರೆಯುವ ಉಳಿ, ಅಂದರೆ ಟೂಲು, ಎಲ್ಲಿಗೆ ಹೋಗಬೇಕು, ಎಷ್ಟು ಕೊರೆಯಬೇಕು ಅನ್ನೋದನ್ನೆಲ್ಲ ಸಾಲು ಸಾಲಾಗಿ ಬರೆದು ಕೊಡಬೇಕು. ಆ ಸಾಲುಗಳಿಗೆ ಪ್ರೋಗ್ರಾಂ ಅನ್ನೋರು. ಕಂಪ್ಯೂಟರಿನಲ್ಲಿ ಬರೆದು, ಕಾಗದದ ಟೇಪಿನಲ್ಲಿ ತೂತು ಹೊಡೆಸಿ, ಆ ಟೇಪನ್ನು ಮಷಿನ್ನಿಗೆ ಓದಿಸಬೇಕು. ಕಂಪ್ಯೂಟರ್ ಇಡೀ ಕಾರ್ಖಾನೆಗೆ ಒಂದೇ, ಮೇಲೆ ಆಫೀಸಿನಲ್ಲಿ. ಬೆಳಿಗ್ಗೆ ಪತ್ರ, ಟೆಂಡರು, ಮಧ್ಯಾಹ್ನ ಪ್ರೋಗ್ರಾಂ. ಪ್ರಿಂಟರು ಮತ್ತು ತೂತು ಹೊಡೆಯುವ ಯಂತ್ರದ ನಡುವೆ ಒಂದು ಸಣ್ಣ ಡಬ್ಬಿ, ಅದರ ಗುಬುಟು ಆ ಕಡೆ ತಿರುಗಿಸಿದರೆ ಪತ್ರ, ಈ ಕಡೆ ತಿರುಗಿಸಿದರೆ ಟೇಪು.

ಟೈಪಿಂಗ್ ಬರುತ್ತೆ ಅಂತ ಪ್ರೋಗ್ರಾಂಗಳನ್ನೂ ನನ್ನ ತಲೆಗೇ ಕಟ್ಟಿದರು. ಮೊದಲನೆಯದನ್ನು ಟೈಪ್ ಮಾಡಿ ಕಳಿಸಿದೆ, ಮಷಿನ್ನು ಒಪ್ಪಲೇ ಇಲ್ಲ. ಮತ್ತೆ ಕಳಿಸಿದೆ, ಮತ್ತೆ ಅದೇ ಕಥೆ. ಎರಡು ದಿನ ತಲೆ ಚಚ್ಚಿಕೊಂಡೆವು. ಆಮೇಲೆ ಗೊತ್ತಾಯಿತು, ತಪ್ಪು ನನ್ನ ಬೆರಳಿನದು. ನಾನು ಕಲಿತ ಹಳೇ ಟೈಪ್‌ರೈಟರಿನಲ್ಲಿ ಒಂದರ ಕೀ ಇರಲೇ ಇಲ್ಲ. ಒಂದು ಬೇಕಾದರೆ ಇಂಗ್ಲಿಷಿನ ಸಣ್ಣ ಎಲ್ ಹೊಡೀತಿದ್ದೆವು. ಸೊನ್ನೆಗೆ ಓ ಹೊಡೆದರೂ ಯಾರೂ ಕೇಳ್ತಿರಲಿಲ್ಲ. ಕಾಗದದ ಮೇಲೆ ಕಣ್ಣಿಗೆ ಎರಡೂ ಒಂದೇ. ಮಷಿನ್ನಿಗೆ ಒಂದೇ ಅಲ್ಲ. ಹನ್ನೊಂದು ವರ್ಷದ ಅಭ್ಯಾಸ, ಬಿಡು ಅಂದರೆ ಬೆರಳು ಬಿಡುತ್ತಾ?

ಆ ಎರಡು ದಿನ ನನ್ನ ಪಕ್ಕದಲ್ಲಿ ನಿಂತವರು ಮಷಿನ್ನಿನ ಆಪರೇಟರ್ ಚನ್ನಪ್ಪನವರು. ಹೊಸಹಳ್ಳಿಯವರು. ಅವರಪ್ಪ ರಾಗಿ ಬೆಳೀತಿದ್ದ ಹೊಲ ಲೇಔಟಿಗೆ ಹೋಗಿ, ಅದರ ಮೇಲೆ ಈಗ ಯಾರದೋ ಮನೆಗಳು. ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತ ಕೈ. ಕನ್ನಡ ಚೆನ್ನಾಗಿ ಓದೋರು, ಇಂಗ್ಲಿಷ್ ಅಕ್ಷರ ಒಂದೊಂದಾಗಿ ಕೂಡಿಸಿ ಓದೋರು. ನನ್ನ ತಪ್ಪು ಗೊತ್ತಾದಾಗ ಮೇಲಿನವರಿಗೆ ಹೇಳಬಹುದಿತ್ತು. ಹೇಳಲಿಲ್ಲ. "ಕೈ ಅಂದ್ಮೇಲೆ ಹಂಗೇ ವಿಮಲಮ್ಮೋರೆ. ನಂದೂ ಇನ್ನೂ ಚಕ್ರ ಹುಡುಕ್ತದೆ" ಅಂದರು.

ಟೇಪು ಓದೋದನ್ನ ಅವರೇ ನನಗೆ ಕಲಿಸಿದರು. ಬೆಳಕಿಗೆ ಹಿಡಿದು ತೂತುಗಳ ಸಾಲು ನೋಡಿ ಇದು ಏಳು, ಇದು ಎಕ್ಸ್, ಇಲ್ಲಿ ಸಾಲು ಮುಗೀತು ಅಂತ ಬೆರಳಿಟ್ಟು ಹೇಳೋರು. ನಮ್ಮ ಇಂಜಿನಿಯರುಗಳಿಗೂ ಬಾರದ ವಿದ್ಯೆ ಅದು. ಅಂಥವರನ್ನ ಮೇಲಿನ ಮಹಡಿಯಲ್ಲಿ "ಇಂಗ್ಲಿಷ್ ಬರಲ್ಲ ಅವನಿಗೆ" ಅಂತ ಏಕವಚನದಲ್ಲಿ ಆಡಿಕೊಳ್ಳೋರು.

ಕ್ರಮೇಣ ಚನ್ನಪ್ಪನವರೇ ಸಣ್ಣಪುಟ್ಟ ಅಳತೆಗಳನ್ನು ಕಂಪ್ಯೂಟರಿನಲ್ಲಿ ತಿದ್ದೋಕೆ ಶುರು ಮಾಡಿದರು. ಒಂದು ದಿನ ಪರದೆ ತೋರಿಸಿ ಕೇಳಿದರು: "ವಿಮಲಮ್ಮೋರೆ, ಈ ಪಟ್ಟೀಲಿ ಇಪ್ಪತ್ತು ಬಾಬ್ತು ಅವೆ. ನಂಗೆ ಬೇಕಾದ್ದು ನಾಲ್ಕೇ. ಮಿಕ್ಕಿದ್ದು ಯಾಕೆ ಕಣ್ಣಿಗೆ ಬೀಳ್ಬೇಕು?"

ಆ ಮಾತು ತಲೆಯಲ್ಲಿ ಕೂತಿತು. ಪತ್ರ, ಪ್ರೋಗ್ರಾಂ ಎಲ್ಲ ಬರೆಯೋಕೆ ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರಿಗೆ ಎಡಿಟರ್ ಅನ್ನೋರು, ಅದರ ಜೊತೆ ಇಟ್ಟಿಗೆ ದಪ್ಪದ ಒಂದು ಮ್ಯಾನ್ಯುಯಲ್ ಬಂದಿತ್ತು, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ತೆಗೆದೆ. ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಡಿಕ್ಷನರಿ ಹಿಡಿದು ಓದಿದೆ. ಒಂದು ತಿಂಗಳಾಯಿತು. ಫೈಲಿನ ಹೆಸರಿನಲ್ಲಿ ಚುಕ್ಕಿ ಇರುತ್ತಲ್ಲ, ಅದರ ಆಚೆ ಮೂರಕ್ಷರ ಇಡಬಹುದಿತ್ತು. ಆ ಮೂರಕ್ಷರ ನೋಡಿ ಎಡಿಟರು ಬೇರೆ ಬೇರೆ ಮೆನು ತೋರಿಸುವ ಹಾಗೆ ಮಾಡಬಹುದು, ಅದಕ್ಕೊಂದು ಪುಟ್ಟ ಫೈಲಿನಲ್ಲಿ ನಿಯಮ ಬರೆಯಬೇಕು ಅಂತ ನಾನೂರು ಚಿಲ್ಲರೆ ಪುಟದ ಒಳಗೆ ಎಲ್ಲೋ ಬರೆದಿತ್ತು.

ಬರೆದೆ. ಪತ್ರಕ್ಕೊಂದು ಮೂರಕ್ಷರ, ಪ್ರೋಗ್ರಾಂಗೊಂದು ಮೂರಕ್ಷರ. ಪತ್ರದ ಮೆನು ಇಂಗ್ಲಿಷಿನಲ್ಲೇ ಇತ್ತು. ಚನ್ನಪ್ಪನವರ ಮೆನುವಿಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ, ಆ ಪರದೆಗೆ ಕನ್ನಡ ಅಕ್ಷರ ಬರ್ತಿರಲಿಲ್ಲ. ಮೊದಲನೇ ಕೀ: ಹುಡುಕು. ಎರಡನೆಯದು: ಬದಲಿಸು. ಮೂರನೆಯದು: ಸರಿ ನೋಡು. ನಾಲ್ಕನೆಯದು: ಟೇಪ್ ಹೊಡಿ. ಈ 'ಸರಿ ನೋಡು' ನನ್ನ ಪಾಪ ತೊಳೆಯೋಕೆ ಮಾಡಿದ್ದು. ಒತ್ತಿದರೆ ಇಡೀ ಪ್ರೋಗ್ರಾಂನಲ್ಲಿ ಎಲ್ ಇದ್ದ ಕಡೆ ಒಂದು, ಓ ಇದ್ದ ಕಡೆ ಸೊನ್ನೆ ಮಾಡಿ ಸುಮ್ಮನಾಗುತ್ತಿತ್ತು. ಮೊದಲ ಸಲ ಆ ಪಟ್ಟಿ ನೋಡಿ ಚನ್ನಪ್ಪನವರು ಅಕ್ಷರ ಕೂಡಿಸಿಕೊಂಡು ಓದಿ, "ಟೇಪ್ ಹೊಡಿ! ನಮ್ಮ ಮಾತೇ ಆಡ್ತದಲ್ಲ ಇದು" ಅಂತ ನಕ್ಕ ಆ ನಗು ನನಗೆ ಸಿಕ್ಕ ಯಾವ ಶಾಲಿಗಿಂತಲೂ ದೊಡ್ಡದು.

ಇಲ್ಲಿ ನನ್ನ ಎರಡು ಜಾಣತನ ಹೇಳಲೇಬೇಕು. ಹುಡುಕೋದು, ಬದಲಿಸೋದು, ಹೊರಗೆ ಕಳಿಸೋದು ಪತ್ರದ ಮೆನುವಿನಲ್ಲೂ ಅವವೇ ಕೀಗಳಲ್ಲಿ ಇಟ್ಟೆ, ಬೆರಳಿಗೆ ಗೊಂದಲ ಬೇಡ ಅಂತ. ಮೂರನೇ ಕೀ ಮಾತ್ರ ಬೇರೆ. ಪತ್ರದಲ್ಲಿ ಅದು ಕರ್ಸರ್ ನಿಂತ ಪ್ಯಾರಾದ ತುಂಡು ಸಾಲುಗಳನ್ನು ಸೇರಿಸಿ ನೀಟಾಗಿ ಮಾಡುತ್ತಿತ್ತು. ಇನ್ನೊಂದು, ಗುರುತಿಲ್ಲದ ಮೂರಕ್ಷರದ ಫೈಲು ಬಂದರೆ ಪತ್ರದ ಮೆನುವನ್ನೇ ತೋರಿಸು ಅಂತ ಬರೆದೆ. ಪತ್ರಗಳೇ ಜಾಸ್ತಿ ತಾನೇ? ಎರಡನ್ನೂ ಮೆಚ್ಚಿಕೊಂಡು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಎಂಟು ತಿಂಗಳು ಹೂವೆತ್ತಿದ ಹಾಗೆ ನಡೆಯಿತು. ಆಗ ನಮ್ಮ ವರ್ಕ್ಸ್ ಮ್ಯಾನೇಜರು ಯಾವುದೋ ತರಬೇತಿಗೆ ಹೋಗಿ ಬಂದರು. ಎಚ್. ವಿ. ಶ್ರೀಕಂಠಯ್ಯ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ತರಬೇತಿಯಲ್ಲಿ ಅವರ ತಲೆಗೆ ಏನು ತುಂಬಿದರೋ, ಬಂದ ಮಾರನೇ ದಿನವೇ ಸರ್ಕ್ಯುಲರ್: ಇನ್ನು ಮೇಲೆ ಪ್ರತಿ ಫೈಲಿನ ಚುಕ್ಕಿಯ ಆಚೆ ಹೊಣೆಗಾರ ಅಧಿಕಾರಿಯ ಇನಿಷಿಯಲ್ ಇರಬೇಕು. ಪತ್ರದ ಕೆಳಗೆ ಇನಿಷಿಯಲ್ ಹಾಕಲ್ವಾ, ಹಾಗೆ. ಪತ್ರಕ್ಕೂ ಪ್ರೋಗ್ರಾಂಗೂ ಹೊಣೆಗಾರ ಅಧಿಕಾರಿ ಯಾರು? ಅವರೇ. ಎಚ್, ವಿ, ಎಸ್. ಲೆಕ್ಕ ಹಾಕಿದ ಹಾಗೆ ಮೂರೇ ಅಕ್ಷರ.

ಸರ್ಕ್ಯುಲರ್ ಹಿಡಿದುಕೊಂಡು ಅವರ ರೂಮಿಗೆ ಹೋದೆ. "ಸಾರ್, ಆ ಮೂರಕ್ಷರ ನೋಡಿಯೇ ಮೆನು ಬರೋದು. ಎಲ್ಲದಕ್ಕೂ ಒಂದೇ ಇಟ್ಟರೆ ಯಾವುದು ಪತ್ರ, ಯಾವುದು ಪ್ರೋಗ್ರಾಂ ಅಂತ ಅದಕ್ಕೆ ಗೊತ್ತಾಗಲ್ಲ."

"ಯಾವ ಮೆನು?"

ತೋರಿಸಿದೆ. ಅವರು ಪರದೆ ಮೇಲೆ 'ಟೇಪ್ ಹೊಡಿ' ಅಂತ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇದೇನ್ರೀ ಇದು, ಸಂತೇನಾ? ನಾಳೆ ಕಸ್ಟಮರ್ ಬಂದು ನೋಡಿದರೆ ಏನಂದ್ಕೋತಾರೆ?"

"ಕಸ್ಟಮರ್ ಒತ್ತಲ್ಲ ಸಾರ್, ಚನ್ನಪ್ಪನವರು ಒತ್ತೋದು."

"ಮೇಡಂ, ನೀವು ಟೈಪ್ ಮಾಡಿ ಸಾಕು. ಯೋಚನೆ ಮಾಡೋಕೆ ನಾವಿದೀವಿ."

ಈ ಮಾತಿಗೆ ವಯಸ್ಸಾಗೋದೇ ಇಲ್ಲ ನೋಡಿ. ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತೆ. ಯೋಚನೆ ಮಾಡೋರು ಆ ಮ್ಯಾನ್ಯುಯಲ್ಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲವಲ್ಲ! ಈಗ ಅದನ್ನು ಇಸಿದುಕೊಂಡು ತಮ್ಮ ಸ್ಟೀಲ್ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಳೇ ಫೈಲುಗಳಿಗೆಲ್ಲ ಹೊಸ ಹೆಸರಿಡೋದು ಹೇಗೆ ಅಂತ ನನ್ನನ್ನೇ ಕೂರಿಸಿಕೊಂಡು ಕಲಿತರು. ಕಲಿತು, ಒಂದೊಂದಕ್ಕೂ ತಮ್ಮ ಇನಿಷಿಯಲ್ ತಾವೇ ಹಾಕಿದರು.

ಮಾರನೇ ದಿನವೇ ಚನ್ನಪ್ಪನವರು ಕಂಪ್ಯೂಟರಿನ ಮುಂದಿಂದ ಎದ್ದು ನನ್ನ ಮೇಜಿಗೆ ಬಂದರು. ನಾನು ಟೆಂಡರಿನ ಕಾಗದಗಳ ನಡುವೆ ಮುಳುಗಿದ್ದೆ. ಸಾಹೇಬರ ಮೇಲೆ ನನಗಿನ್ನೂ ಮೈಯೆಲ್ಲ ಸಿಟ್ಟು.

"ವಿಮಲಮ್ಮೋರೆ, ನನ್ನ ಪಟ್ಟಿ ಬರ್ತಿಲ್ಲ. ಇಂಗ್ಲಿಷ್ ಪಟ್ಟಿ ಬರ್ತದೆ."

"ಗೊತ್ತು ಚನ್ನಪ್ಪನವರೇ. ಸಾಹೇಬರ ಆರ್ಡರು, ನಾನೇನ್ ಮಾಡ್ಲಿ? ಕೀಗಳು ಅವೇ. ಹೆಸರು ನೋಡಬೇಡಿ, ಎಣಿಸಿಕೊಂಡು ಒತ್ತಿ."

"ಅವೇನಾ?"

"ಅವೇ."

ಅಂದುಬಿಟ್ಟೆ. ಮೂರನೇ ಕೀ ನೆನಪಿಗೆ ಬರಲಿಲ್ಲ. ನನ್ನ ಕೈಯಾರೆ ಬರೆದದ್ದು, ನನಗೇ ನೆನಪಿಗೆ ಬರಲಿಲ್ಲ! ಆ ಮನುಷ್ಯ ನನ್ನ ಮಾತನ್ನು ದೇವರ ಮಾತು ಅಂದುಕೊಂಡು ಕಂಪ್ಯೂಟರಿನ ಕಡೆ ವಾಪಸ್ ಹೋದರು.

ವಾರದ ಮೇಲೆ ಒಂದು ಬೆಳಿಗ್ಗೆ ಕೆಳಗಿನಿಂದ ದಢಾರ್ ಅಂತ ಸದ್ದು. ಇಡೀ ಮಹಡಿ ಅದುರಿತು. ಸೀರೆ ಎತ್ತಿ ಹಿಡಿದುಕೊಂಡು ಓಡಿದೆ. ಮಷಿನ್ನು ನಿಂತಿತ್ತು. ಕೊರೆಯಲು ಕಚ್ಚಿಸಿದ್ದ ಉಂಗುರ ಮಷಿನ್ನಿನ ಬಾಯಿಯಿಂದ ಕಿತ್ತು ಬಿದ್ದಿತ್ತು. ಅದರ ಒಳಮೈ ಕೊರೆಯುವ ಟೂಲು ಮುರಿದು, ತುಂಡು ಹಾರಿ ಹಿಂದಿನ ಕಿಟಕಿಯ ಗಾಜು ಒಡೆದಿತ್ತು. ಚನ್ನಪ್ಪನವರ ಕಿವಿಯಿಂದ ಗೇಣು ದೂರದಲ್ಲಿ ಹೋಗಿತ್ತಂತೆ. ಅವರು ಸ್ಟೂಲಿನ ಮೇಲೆ ಕೂತು ಎರಡೂ ಕೈಯನ್ನು ನೋಡಿಕೊಳ್ತಾ ಇದ್ದರು.

"ಎಂಟು ತಿಂಗಳಿಂದ ಓಡ್ತಿರೋ ಪ್ರೋಗ್ರಾಂ ಅಮ್ಮಾ. ಒಂದು ಅಳತೆ ತಿದ್ದಿದೆ ಅಷ್ಟೇಯ" ಅಂದರು. ಚೆನ್ನಾಗಿ ಓಡಿದ ಪ್ರೋಗ್ರಾಂ ಆದರೆ ಕಬ್ಬಿಣ ಇಡದೆ ಒಮ್ಮೆ ಖಾಲಿ ಓಡಿಸಿ ನೋಡುವ ರೂಢಿ ನಮ್ಮಲ್ಲಿರಲಿಲ್ಲ.

ಶ್ರೀಕಂಠಯ್ಯನವರು ಮೆಟ್ಟಿಲ ಮೇಲಿಂದಲೇ ಶುರು ಮಾಡಿದರು. "ನಾನು ಮೊದಲೇ ಹೇಳಿದ್ದೆ. ಇಂಗ್ಲಿಷ್ ಬಾರದವರ ಕೈಗೆ ಕಂಪ್ಯೂಟರ್ ಕೊಟ್ಟರೆ ಇದೇ ಆಗೋದು!" ಮಧ್ಯಾಹ್ನದ ಹೊತ್ತಿಗೆ ಚನ್ನಪ್ಪನವರನ್ನು ಗೇಟಿನ ಆಚೆ ಕಳಿಸಿದರು, ಶುಕ್ರವಾರ ವಿಚಾರಣೆ ಅಂತ. ವಿಚಾರಣೆ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಡಿಸ್ಮಿಸ್ ಕಾಗದ ಟೈಪ್ ಮಾಡಿಡಿ ಅಂತ ನನಗೇ ಹೇಳಿದರು. ಆ ಮನುಷ್ಯನ ಮನೆ ಮುರಿಯೋ ಕಾಗದ ನನ್ನ ಕೈಯಲ್ಲೇ!

ಕಾಗದ ಟೈಪ್ ಮಾಡುವಾಗ, ಸಾಲು ತುಂಡಾಯಿತು ಅಂತ ಅಭ್ಯಾಸಬಲದಿಂದ ಮೂರನೇ ಕೀ ಒತ್ತಿದೆ. ಎರಡು ಸಾಲು ಸೇರಿ ಒಂದಾಯಿತು. ಆ ಕಾಗದವನ್ನು ಅಲ್ಲಿಗೇ ಬಿಟ್ಟೆ.

ಚನ್ನಪ್ಪನವರ ಪ್ರೋಗ್ರಾಂ ತೆರೆದೆ. ಕೊನೆಯಲ್ಲಿ ಎರಡು ಸಾಲಿನ ಒಂದು ಪ್ಯಾರಾ ಇರಬೇಕಿತ್ತು. ಟೂಲು ಉಂಗುರದಿಂದ ನೇರ ಹೊರಗೆ ಬಾ ಅಂತ ಒಂದು ಸಾಲು, ಆಮೇಲೆ ಪಕ್ಕಕ್ಕೆ ಹೋಗು ಅಂತ ಇನ್ನೊಂದು. ಎರಡೂ ಸೇರಿ ಒಂದೇ ಸಾಲಾಗಿತ್ತು. ಆ ಮಷಿನ್ನು ಒಂದು ಸಾಲಿನಲ್ಲಿದ್ದದ್ದನ್ನೆಲ್ಲ ಒಟ್ಟಿಗೇ ಮಾಡುವಂಥದ್ದು. ಬಾಗಿಲು ದಾಟೋಕೆ ಮುಂಚೆಯೇ ತಿರುಗಿದರೆ ಭುಜ ಗೋಡೆಗೆ ಬಡಿಯಲ್ವಾ, ಹಾಗೆ ಬಡಿದಿತ್ತು. ಅವರು ಒತ್ತಿದ್ದು 'ಸರಿ ನೋಡು' ಅಂದುಕೊಂಡು. ಒತ್ತಿ ಅಂದವಳು ನಾನು.

ಇನ್ನೂ ಒಂದು ಕಂಡಿತು. ಆ ಫೈಲಿನ ಚುಕ್ಕಿಯ ಆಚೆ ಎಚ್‌ವಿಎಸ್ ಇರಲಿಲ್ಲ. ಟಿಎಂಸಿ ಇತ್ತು. ಟಿ. ಎಂ. ಚನ್ನಪ್ಪ! ಮುನ್ನೂರು ಫೈಲಿನಲ್ಲಿ ಅದೊಂದಕ್ಕೆ ಮಾತ್ರ ಹೆಸರು ಬದಲಾಗಿತ್ತು. ಹೆಸರು ಬದಲಾಯಿಸೋದು ಆ ಆಫೀಸಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು. ಇನ್ನೊಬ್ಬರಿಗೆ ನಾನೇ ಕಲಿಸಿದ್ದೆ. ಥೂ!

ಹೊಸಹಳ್ಳಿಗೆ ಹೋಗಿ ಚನ್ನಪ್ಪನವರ ಮನೆ ಹುಡುಕಿದೆ. ಅವರ ಹೆಂಡತಿ ಮಣೆ ಹಾಕಿದರು. ನಾನು ನಡೆದದ್ದೆಲ್ಲ ಹೇಳಿದೆ, ಅಳುತ್ತಲೇ ಹೇಳಿದೆ. ಚನ್ನಪ್ಪನವರು ಬೆರಳು ಮಡಚಿ ಮೂರು ಎಣಿಸಿದರು.

"ಮೂರ್ನೇದು ಒತ್ತಿದಾಗ್ಲೇ ಸಾಲು ಜರುಗಿದ್ ಹಂಗಾಯ್ತು. ನೀವು ಅವೇ ಅಂದಿದ್ರಲ್ಲ, ಸುಮ್ನಾದೆ."

"ಅದನ್ನ ಸಾಹೇಬರಿಗೆ ಯಾಕೆ ಹೇಳಲಿಲ್ಲ? ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇಬ್ರೂ ಆಚೆಗೆ. ಒಬ್ರು ಒಳಗಿದ್ರೆ ಮಿಕ್ಕೋರ್ಗಾದ್ರೂ ಪಟ್ಟಿ ಮಾಡ್ಕೊಡ್ತೀರಿ."

ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಆಮೇಲೆ ಕೇಳಿದೆ, ಆ ಟೇಪು ಎಲ್ಲಿ? ಮಷಿನ್ನಿನ ಪಕ್ಕದ ತಗಡಿನ ಡಬ್ಬಿಯಲ್ಲಿದೆ ಅಂದರು.

ಶುಕ್ರವಾರ ಯಜಮಾನರ ರೂಮು. ಕಾರ್ಖಾನೆಯ ಒಡೆಯರು, ವಯಸ್ಸಾದವರು, ಮೊದಲು ತಾವೇ ಲೇತಿನ ಮೇಲೆ ಕೆಲಸ ಮಾಡಿದವರು. ಪಕ್ಕದಲ್ಲಿ ಶ್ರೀಕಂಠಯ್ಯ, ಎದುರಿಗೆ ಬಿಳೀ ಅಂಗಿ ಹಾಕಿಕೊಂಡು ಬಂದ ಚನ್ನಪ್ಪನವರು. ನಾನು ಟಿಪ್ಪಣಿ ಬರೆದುಕೊಳ್ಳೋಕೆ.

"ಫೈಲಿನ ಹೆಸರೇ ಹೇಳುತ್ತೆ ಸಾರ್, ಹೊಣೆ ಯಾರದು ಅಂತ" ಅಂದರು ಶ್ರೀಕಂಠಯ್ಯ. "ಅದಕ್ಕೇ ನಾನು ಆ ಪದ್ಧತಿ ತಂದದ್ದು. ಟಿಎಂಸಿ."

ಪೆನ್ನು ಕೆಳಗಿಟ್ಟೆ. ಸೀರೆಯ ಸೆರಗಿನಿಂದ ಸುರುಳಿ ಸುತ್ತಿದ ಟೇಪು ತೆಗೆದು ಮೇಜಿನ ಮೇಲಿಟ್ಟೆ. ನಮ್ಮ ಶಾಪಿನಲ್ಲಿ ಒಂದು ರೂಢಿ ಇತ್ತು. ಟೇಪು ಹೊಡೆದ ತಕ್ಷಣ, ಪರದೆ ಮೇಲಿರುವ ಫೈಲಿನ ಹೆಸರನ್ನು ಅದರ ತುದಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆಯಬೇಕು. ಚನ್ನಪ್ಪನವರು ಅಕ್ಷರ ಅಕ್ಷರ ನೋಡಿಕೊಂಡು ಬರೆಯೋರು. ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ದಪ್ಪದಪ್ಪಗೆ ಬರೆದಿತ್ತು, ಚುಕ್ಕಿ, ಆಚೆ ಎಚ್, ವಿ, ಎಸ್.

ಓದಿ, ಟೇಪನ್ನು ಶ್ರೀಕಂಠಯ್ಯನವರ ಮುಂದೆ ಸರಿಸಿದರು.

"ಇಂಗ್ಲಿಷ್ ಬಾರದವರು ನೋಡಿಕೊಂಡು ಬರೆದದ್ದು ಸಾರ್, ಅವರಿಗೆ ಸುಳ್ಳು ಬರೆಯೋಕೆ ಬರಲ್ಲ" ಅಂದೆ. "ತಪ್ಪು ಏನಾಯಿತು ಅಂತ ಅವರನ್ನೇ ಕೇಳಿ."

ಚನ್ನಪ್ಪನವರು ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳು ತೂತುಗಳ ಮೇಲೆ ಮೆಲ್ಲಗೆ ಸರಿಯಿತು. "ಇಲ್ಲಿ ನೇರ ಈಚೆಗೆ ಬರೋದು ಅದೆ ಯಜಮಾನ್ರೆ. ಇಲ್ಲಿ ಪಕ್ಕಕ್ಕೆ ಹೋಗೋದು. ನಡುವೆ ಸಾಲು ಮುಗಿಯೋ ತೂತು ಇರ್ಬೇಕಿತ್ತು. ಇಲ್ಲ." ಯಜಮಾನರು ಎದ್ದು ಬಂದು ಅವರ ಪಕ್ಕ ನಿಂತು, ಆ ಬೆರಳಿನ ಜೊತೆ ತಾವೂ ನೋಡಿದರು. ಶ್ರೀಕಂಠಯ್ಯ ಕೂತಲ್ಲೇ ಕೂತಿದ್ದರು. ಅವರಿಗೆ ಟೇಪು ಓದೋಕೆ ಬರ್ತಿರಲಿಲ್ಲ.

ಆಮೇಲೆ ಮಿಕ್ಕದ್ದನ್ನ ನಾನು ಹೇಳಿದೆ. ಮೆನು ಹೇಗೆ ಬದಲಾಯಿತು, ಯಾಕೆ ಬದಲಾಯಿತು, ಮೂರನೇ ಕೀ ಒತ್ತಿ ಅಂದದ್ದು ಯಾರು. "ಅದು ನನ್ನ ತಪ್ಪು ಸಾರ್. ಶಿಕ್ಷೆ ಕೊಡೋದಾದರೆ ನನಗೆ ಕೊಡಿ."

ಚನ್ನಪ್ಪನವರು ಶನಿವಾರ ಮಷಿನ್ನಿಗೆ ವಾಪಸ್ಸಾದರು. ಇಲ್ಲಿಗೆ ನ್ಯಾಯ ಗೆದ್ದಿತು ಅಂತ ನೀವು ಅಂದುಕೊಂಡರೆ, ನೀವಿನ್ನೂ ಆಫೀಸು ಕಂಡಿಲ್ಲ. ವರದಿಯಲ್ಲಿ ಬರೆದದ್ದು "ತಾಂತ್ರಿಕ ದೋಷ" ಅಂತ. ಇನಿಷಿಯಲ್ ಪದ್ಧತಿಯನ್ನು ಮಾತಿಲ್ಲದೆ ಕೈಬಿಟ್ಟರು. ತರೋಕೆ ಸರ್ಕ್ಯುಲರ್ ಇತ್ತು, ತೆಗೆಯೋಕೆ ಇರಲಿಲ್ಲ. ಹೆಸರು ಬದಲಾಯಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಶ್ರೀಕಂಠಯ್ಯ ಅದೇ ಕುರ್ಚಿಯಲ್ಲಿ ಅದೇ ಮೂರು ಪೆನ್ನು ಇಟ್ಟುಕೊಂಡು ಮುಂದುವರಿದರು. ಚನ್ನಪ್ಪನವರಿಗೆ ಒಂದು ಕ್ಷಮೆ ಬೇಡವೇ? ತಪ್ಪಾಯಿತು ಅನ್ನೋಕೆ ಎಷ್ಟು ಉಸಿರು ಬೇಕು?

ಮೆಮೋ ಬಂದದ್ದು ನನಗೆ. ಶ್ರೀಕಂಠಯ್ಯನವರ ಸಹಿಯಲ್ಲೇ. ಮೂರನೇ ಕೀ ವಿಷಯಕ್ಕೆ ಬಂದಿದ್ದರೆ ತಲೆ ಬಗ್ಗಿಸಿ ತೆಗೆದುಕೊಳ್ತಿದ್ದೆ, ಅದು ನನ್ನ ತಪ್ಪೇ. ಅದಕ್ಕಲ್ಲ. ಟೈಪಿಸ್ಟ್ ಆದ ನೀವು ಕಂಪನಿಯ ಎಡಿಟರಿನ ಮೆನುಗಳನ್ನು ಯಾರ ಅನುಮತಿ ಪಡೆದು ಬದಲಾಯಿಸಿದಿರಿ, ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಿ ಅಂತ.

ಮೂರು ದಿನ ಯಾಕೆ? ಕಂಪ್ಯೂಟರ್ ಮುಂದೆ ಆಗಲೇ ಕೂತೆ. ಮೊದಲು ನಿಯಮದ ಫೈಲು ತೆರೆದು, ಗುರುತಿಲ್ಲದ ಫೈಲು ಬಂದರೆ ಯಾವ ಮೆನುವನ್ನೂ ತೋರಿಸಬೇಡ ಅಂತ ತಿದ್ದಿದೆ. ಅದಕ್ಕೂ ಯಾರ ಅನುಮತಿಯನ್ನೂ ಕೇಳಲಿಲ್ಲ. ಆಮೇಲೆ ವಿವರಣೆ ಬರೆದೆ. ಒಂದೇ ಸಾಲು, ಸೇರಿಸೋಕೆ ಎರಡನೆಯದು ಇರಲಿಲ್ಲ: "ಮಷಿನ್ನಿನ ಮುಂದೆ ನಿಲ್ಲುವ ಚನ್ನಪ್ಪನವರು ಕೇಳಿದರು, ನಾನು ಮಾಡಿದೆ."

ಫೈಲು ಉಳಿಸುವಾಗ, ಪದ್ಧತಿ ಸತ್ತುಹೋಗಿದ್ದರೂ, ಚುಕ್ಕಿಯ ಆಚೆ ನನ್ನದೇ ಇನಿಷಿಯಲ್ ಹಾಕಿದೆ.